ಪುಟ್ಟಲಕ್ಷ್ಮಮ್ಮ ಅನ್ನುವ ಹೆಸರನ್ನು 3 ಇಂಚಿನ ಬಟ್ಟೆಯಲ್ಲಿ ಪೂರ್ತಿ ಹೊಲಿಯುವುದು ಹೇಗೆ?

ಪುಟ್ಟಲಕ್ಷ್ಮಮ್ಮ, ತುಮಕೂರು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಎಸ್.ಎಸ್. ಪುರಂನಲ್ಲಿ ಒಬ್ಬರ ಮನೆ ಮಹಡಿಯ ಮೇಲೆ ಪ್ರತಿ ಶನಿವಾರ ಮಧ್ಯಾಹ್ನ 3ರಿಂದ 5ರವರೆಗೆ ನಾವು ಕೆಲವು ಹೆಂಗಸರು ಹೊಲಿಗೆಗೆ ಸೇರುತ್ತೇವೆ. ಶುರುವಿನಲ್ಲಿ 5 ಜನ ಇದ್ದೆವು, ಈಗ 14. ಕ್ಯಾತ್ಸಂದ್ರ, ಬಟವಾಡಿ ಕಡೆಯಿಂದ ಬಸ್ಸು ಹತ್ತಿ ಬರುವವರೂ ಇದ್ದಾರೆ. ಒಬ್ಬರು ಬ್ಲೌಸಿಗೆ ಆರಿ ವರ್ಕ್ ಮಾಡುತ್ತಾರೆ, ಒಬ್ಬರು ಹಳೇ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ, ನಾನು ಕ್ರಾಸ್ ಸ್ಟಿಚ್, ಅಂದರೆ ಬಟ್ಟೆಯ ಚೌಕ ಎಣಿಸಿ X ಆಕಾರದಲ್ಲಿ ಹಾಕುವ ಹೊಲಿಗೆ, ಕಲಿಯುತ್ತಿದ್ದೇನೆ. ಜನ ಜಾಸ್ತಿ ಆದ ಮೇಲೆ ಯಾರ ಹೆಸರು ಏನು ಅಂತ ಗೊತ್ತಾಗುತ್ತಿಲ್ಲ. ಎಲ್ಲರೂ ಎಲ್ಲರಿಗೂ ಆಂಟಿ, ಅಕ್ಕ, ಮೇಡಂ. ಲಕ್ಷ್ಮಿ ಅಂತ ಕೂಗಿದರೆ ಮೂವರು ತಿರುಗಿ ನೋಡುತ್ತೇವೆ.

ನಮ್ಮಲ್ಲಿ ಒಬ್ಬರ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಎಂಬ್ರಾಯ್ಡರರ್ಸ್ ಗಿಲ್ಡ್ ಆಫ್ ಅಮೆರಿಕ ಅಂತ 1958ರಲ್ಲಿ ಶುರುವಾದ ಕಸೂತಿಯವರ ಸಂಘ ಇದೆ. ಬೇರೆ ಬೇರೆ ಊರುಗಳಲ್ಲಿ ಅದರ ಶಾಖೆಗಳಿವೆ. ಅವಳು ಹೋಗುವ ಶಾಖೆಯಲ್ಲಿ ಎಲ್ಲರೂ ತಾವೇ ಹೊಲಿದ ಹೆಸರಿನ ಪಟ್ಟಿಯನ್ನು ಎದೆ ಮೇಲೆ ಚುಚ್ಚಿಕೊಂಡು ಬರುತ್ತಾರಂತೆ. ಹೆಸರೂ ಗೊತ್ತಾಗುತ್ತದೆ, ಅವರ ಕೈ ಎಂಥದ್ದು ಅನ್ನುವುದೂ ಗೊತ್ತಾಗುತ್ತದೆ. ಇದನ್ನು ಕೇಳಿದ್ದೇ ತಡ, ನಾವೂ ಮಾಡೋಣ ಅಂತ ಎಲ್ಲರೂ ಒಪ್ಪಿದರು. ಅಗಲ 3 ಇಂಚು, ಎತ್ತರ 2 ಇಂಚು, ಸ್ವಲ್ಪ ಹೆಚ್ಚುಕಮ್ಮಿ ಆದರೆ ಪರವಾಗಿಲ್ಲ. ಪ್ರಿಂಟ್ ಹಾಕಿಸುವ ಹಾಗಿಲ್ಲ, ಮಿಷಿನ್ ಹೊಲಿಗೆ ಹಾಕುವ ಹಾಗಿಲ್ಲ.

ಈ ಪಟ್ಟಿ ನನಗೆ ಯಾಕೆ ಇಷ್ಟು ಮುಖ್ಯ ಅಂತ ಹೇಳುತ್ತೇನೆ. ನಾನು 34 ವರ್ಷ ನರ್ಸ್ ಆಗಿದ್ದೆ, ಹೆಚ್ಚು ಕಾಲ ಹೆರಿಗೆ ವಾರ್ಡಿನಲ್ಲಿ. ಹೋದ ವರ್ಷ ರಿಟೈರ್ ಆದೆ. ಕೆಲಸಕ್ಕೆ ಸೇರಿದಾಗ ಎದೆಗೆ ಹಾಕಲು ಪ್ಲಾಸ್ಟಿಕ್ ಪಟ್ಟಿ ಮಾಡಿಸಿದರು. ಹೆಸರು ಉದ್ದ ಆಯಿತು, ಹಿಡಿಸುವುದಿಲ್ಲ ಅಂತ ಅದರಲ್ಲಿ ಬರೀ "ಲಕ್ಷ್ಮಿ" ಅಂತ ಇಂಗ್ಲಿಷಿನಲ್ಲಿ ಕೊರೆಸಿದರು. ಆಮೇಲೆ ಎಷ್ಟು ಸಲ ಪಟ್ಟಿ ಬದಲಾಯಿಸಿದರೂ ಹೆಸರು ಮಾತ್ರ ಅದೇ ಉಳಿಯಿತು. ಆಸ್ಪತ್ರೆಯಲ್ಲಿ ನನ್ನ ಪೂರ್ತಿ ಹೆಸರು ಗೊತ್ತಿದ್ದದ್ದು ಸಂಬಳ ಬರೆಯುವವರಿಗೆ ಮಾತ್ರ. ಈಗ ನಾನೇ ಹೊಲಿಯುವ ಪಟ್ಟಿಯಲ್ಲಿ ಪೂರ್ತಿ ಹೆಸರು ಇರಬೇಕು, ಕನ್ನಡದಲ್ಲಿ ಇರಬೇಕು.

ಕಷ್ಟ ಶುರುವಾಗಿದ್ದು ಅಲ್ಲೇ. 14 ಕೌಂಟ್ ಐಡಾ ಬಟ್ಟೆ ತಂದೆ. ಅಂದರೆ ಒಂದು ಇಂಚಿಗೆ 14 ಚೌಕ. ನನ್ನ ಹತ್ತಿರ ಇರುವ ಮಾದರಿಯಲ್ಲಿ ಇಂಗ್ಲಿಷ್ ಅಕ್ಷರಗಳು 7 ಚೌಕ ಎತ್ತರ ಇವೆ. ಅದೇ ಅಳತೆಯಲ್ಲಿ ನಮ್ಮ ಅಕ್ಷರ ಇಟ್ಟರೆ ಒತ್ತಿಗೆ ಜಾಗವೇ ಇಲ್ಲ. ನನ್ನ ಹೆಸರಲ್ಲಿ ಐದೇ ಅಕ್ಷರ, ಆದರೆ ಒತ್ತು ನಾಲ್ಕು. ಟ್ಟ ಒಂದು, ಮ್ಮ ಒಂದು, ನಡುವೆ ಕ್ಷ್ಮ. ಕ ಕೆಳಗೆ ಷ, ಅದರ ಜೊತೆಗೆ ಮ. ಎರಡು ಸಲ ಹಾಕಿ ಎರಡು ಸಲವೂ ಬಿಚ್ಚಿದೆ. ಕ್ಷ್ಮ ಅನ್ನುವುದು ದಾರದ ಗಂಟಿನ ಹಾಗೆ ಕಾಣುತ್ತದೆ, ಓದಲು ಆಗುವುದಿಲ್ಲ.

ಕನ್ನಡ ಅಕ್ಷರಕ್ಕೆ ಎಷ್ಟು ಚೌಕ ಬಿಡಬೇಕು? ಯಾರಾದರೂ ಲೆಕ್ಕ ಹಾಕಿದ್ದೀರಾ? ಹಿಂಬದಿ ಹೇಗೆ ಮುಗಿಸುವುದು ಅನ್ನುವುದನ್ನೂ ಹೇಳಿ. ಆಯಸ್ಕಾಂತದ ಪಿನ್ ಬೇಡ. ನಮ್ಮ ಗುಂಪಿನಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರು ಒಬ್ಬರಿದ್ದಾರೆ. ಅಂಥವರ ಎದೆ ಹತ್ತಿರ ಆಯಸ್ಕಾಂತ ಬರಬಾರದು.

ಚುಕ್ಕಿ ಲೆಕ್ಕ, ಚಿಕ್ಕಬಳ್ಳಾಪುರ

ಅಮ್ಮ, ನಿಮ್ಮ ಪ್ರಶ್ನೆ ಓದಿದ ಕೂಡಲೇ ಗ್ರಾಫ್ ಹಾಳೆ ತೆಗೆದುಕೊಂಡು ಕೂತೆ. ನಾನು ಮನೆಯ ಬಾಗಿಲಿಗೆ "ಸುಸ್ವಾಗತ" ಹೊಲಿದಾಗ ಇದೇ ಪಾಡು ಪಟ್ಟಿದ್ದೆ.

ಇಂಗ್ಲಿಷ್ ಅಕ್ಷರಕ್ಕೆ ಒಂದೇ ಗೆರೆ ಸಾಕು, ನಮ್ಮದಕ್ಕೆ ಮೂರು ಮಹಡಿ ಬೇಕು. ಮೇಲೆ ತಲೆಕಟ್ಟು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು. ತಲೆಕಟ್ಟಿಗೆ 2 ಚೌಕ, ಮೈಗೆ 7, ನಡುವೆ 1 ಖಾಲಿ, ಒತ್ತಿಗೆ 5. ಒಟ್ಟು 15. ಈ ಖಾಲಿ ಒಂದು ಸಾಲನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ನಿಮ್ಮ ಕ್ಷ್ಮ ಗಂಟಾಗಿರುವುದು ಅದಿಲ್ಲದೆ ಅಂತ ನನ್ನ ಊಹೆ. ಟ ಮತ್ತು ಲ ಎರಡಕ್ಕೂ ತಲೆಕಟ್ಟಿಲ್ಲ. ಅವುಗಳ ಮೇಲೆ ಆ 2 ಚೌಕ ಖಾಲಿ ಬಿಡಿ, ಎಳೆದು ಉದ್ದ ಮಾಡಬೇಡಿ.

ಅಗಲ ಹೇಳುತ್ತೇನೆ. ಪು ಕೊಂಬು ಸೇರಿ 13 ಚೌಕ, ಟ್ಟ 9, ಲ 10, ಕ್ಷ್ಮ 14, ಮ್ಮ 15. ನಡುವೆ ಎರಡೆರಡು ಬಿಟ್ಟರೆ ಒಟ್ಟು 69. 14 ಕೌಂಟಿನಲ್ಲಿ ಅದು ಹತ್ತಿರ ಹತ್ತಿರ 5 ಇಂಚು ಆಗುತ್ತದೆ. ಒಂದೇ ಸಾಲಿನಲ್ಲಿ ಆಗುವುದಿಲ್ಲ ಬಿಡಿ.

ಎರಡು ಸಾಲು ಮಾಡಿ. ಮೇಲೆ "ಪುಟ್ಟ", ಕೆಳಗೆ "ಲಕ್ಷ್ಮಮ್ಮ". ಕೆಳಗಿನ ಸಾಲು 43 ಚೌಕ ಆಗುತ್ತದೆ, 14 ಕೌಂಟಿನಲ್ಲಿ 3 ಇಂಚು ಚೂರು ದಾಟುತ್ತದೆ. ಎರಡು ಸಾಲು ಸೇರಿ ಎತ್ತರ 32 ಚೌಕ, ಎರಡೂಕಾಲು ಇಂಚು ದಾಟುತ್ತದೆ. ಸುತ್ತ ಅಂಚಿಗೆ ಬೇರೆ ಜಾಗ ಬೇಕು. 18 ಕೌಂಟ್ ಬಟ್ಟೆ ಸಿಕ್ಕರೆ ಅಂಚಿಗೆ ನಾಲ್ಕು ನಾಲ್ಕು ಚೌಕ ಬಿಟ್ಟರೂ 2.8 ಇಂಚು ಅಗಲ, 2.2 ಇಂಚು ಎತ್ತರದಲ್ಲಿ ಮುಗಿಯುತ್ತದೆ. ಅದಕ್ಕೆ ದಾರ ಒಂದೇ ಎಳೆ, ಸೂಜಿ 26ನೇ ನಂಬರು. 14 ಕೌಂಟಿಗಾದರೆ ಎರಡು ಎಳೆ, 24ನೇ ನಂಬರು. ಆದರೆ 18 ಕೌಂಟ್ ಕಣ್ಣಿಗೆ ಆಯಾಸ. ಬೆಳಗಿನ ಬೆಳಕಿನಲ್ಲಿ ಮಾತ್ರ ಹಾಕಿ.

ಇನ್ನೊಂದು ವಿಷಯ. ಮೇಲಿನ ಸಾಲು 24 ಚೌಕಕ್ಕೇ ಮುಗಿಯುತ್ತದೆ. ಅದರ ಬಲಕ್ಕೆ 19 ಚೌಕ ಖಾಲಿ ಉಳಿಯುತ್ತದೆ. ಅಲ್ಲಿ ನಿಮಗೆ ಇಷ್ಟವಾದ್ದು ಏನಾದರೂ ಹಾಕಬಹುದು.

ಬ್ಲೌಸ್ ಟೈಲರ್, ಕೋಲಾರ

ಅಕ್ಕ, ಚೌಕದ ಲೆಕ್ಕ ನನಗೆ ಗೊತ್ತಿಲ್ಲ. ಹಿಂಬದಿ ಮುಗಿಸುವುದು ನಾನು ಹೇಳುತ್ತೇನೆ, ಅದು ನನ್ನ ದಿನದ ಕೆಲಸ.

ಮೊದಲೇ ಬಟ್ಟೆಯನ್ನು ಅಳತೆಗೆ ಕತ್ತರಿಸಬೇಡಿ. 7 ಇಂಚಿನ ತುಂಡು ಇಟ್ಟುಕೊಂಡು ರಿಂಗಿಗೆ ಹಾಕಿ ಹೊಲಿಯಿರಿ. ಮುಗಿದ ಮೇಲೆ ಸುತ್ತ ಮುಕ್ಕಾಲು ಇಂಚು ಬಿಟ್ಟು ಕತ್ತರಿಸಿ. ಒಳಗೆ ಕಾಲರಿಗೆ ಹಾಕುವ ಗಟ್ಟಿ ಬಕ್ರಂ ಇಡಿ, ರಟ್ಟು ಬೇಡ. ರಟ್ಟು ಬೆವರಿಗೆ ಮೆತ್ತಗಾಗಿ ಮಡಿಚಿಕೊಳ್ಳುತ್ತದೆ, ಒಗೆಯಲೂ ಆಗುವುದಿಲ್ಲ. ಬಕ್ರಂ ಪಟ್ಟಿಯ ಅಳತೆಗಿಂತ ಸ್ವಲ್ಪವೇ ಚಿಕ್ಕದಿರಲಿ. ಮೂಲೆಯಲ್ಲಿ ಬಟ್ಟೆಯನ್ನು ಮೊದಲು ಅಡ್ಡಕ್ಕೆ ಮಡಿಚಿ, ಆಮೇಲೆ ಎರಡು ಪಕ್ಕ ಮಡಿಚಿ. ಇಲ್ಲದಿದ್ದರೆ ಮೂಲೆ ದಪ್ಪ ಆಗುತ್ತದೆ. ಹಿಂದಕ್ಕೆ ಫೆಲ್ಟ್ ಅನ್ನುವ ದಪ್ಪ ಮೆತ್ತನೆಯ ಬಟ್ಟೆ ಇಟ್ಟು ಸುತ್ತ ಸಣ್ಣ ಹೊಲಿಗೆ ಹಾಕಿ.

ಪಿನ್ ಎಲ್ಲಿ ಬರಬೇಕು ಅನ್ನುವುದು ಮುಖ್ಯ. ಎಲ್ಲರೂ ನಡುವಿಗೆ ಹಾಕುತ್ತಾರೆ, ಆಗ ಪಟ್ಟಿ ಮುಂದಕ್ಕೆ ಬಗ್ಗುತ್ತದೆ, ಹೆಸರು ನೆಲ ನೋಡುತ್ತದೆ. ಮೇಲಿನ ಅಂಚಿನಿಂದ ಅರ್ಧ ಇಂಚು ಕೆಳಗೆ ಹಾಕಿ. ಪಿನ್ನನ್ನು ಫೆಲ್ಟ್ ಹೊಲಿಯುವ ಮುಂಚೆಯೇ ಫೆಲ್ಟಿಗೆ ಹೊಲಿದುಬಿಡಿ. ಕಾಟನ್ ಸೀರೆಯಾದರೆ ಭುಜದ ಹತ್ತಿರ ನೆರಿಗೆ ಸೇರಿಸಿ ಚುಚ್ಚಿ, ಒಂದೇ ಪದರಕ್ಕೆ ಚುಚ್ಚಿದರೆ ಜೋತುಬೀಳುತ್ತದೆ. ಚೂಡಿದಾರ್ ಹಾಕುವವರಿಗೆ ದುಪಟ್ಟಾ ಪಟ್ಟಿಯನ್ನು ಮುಚ್ಚಿಬಿಡುತ್ತದೆ. ಅವರು ರಿಬ್ಬನ್ ಹಾಕಿ ಕುತ್ತಿಗೆಗೆ ಇಳಿಬಿಡುವುದು ವಾಸಿ.

ನನ್ನ ಒಂದು ಮಾತು, ತಪ್ಪು ತಿಳಿಯಬೇಡಿ. ಹೆಸರನ್ನು ಸುಮ್ನೆ "ಪುಟ್ಟಕ್ಕ" ಅಂತ ಹಾಕಿದರೆ ಆಗುವುದಿಲ್ಲವಾ? ಒಂದೇ ಸಾಲಿನಲ್ಲಿ ಮುಗಿಯುತ್ತದೆ, ದೂರದಿಂದ ಓದಲೂ ಬರುತ್ತದೆ. ಕರೆಯುವುದಕ್ಕೂ ಚೆನ್ನಾಗಿದೆ.

ಪುಟ್ಟಲಕ್ಷ್ಮಮ್ಮ, ತುಮಕೂರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಚಿಕ್ಕಬಳ್ಳಾಪುರದಮ್ಮ, ಆ ಒಂದು ಖಾಲಿ ಸಾಲಿನ ವಿಷಯ ನಿಜ. ನಾನು ಆ ಖಾಲಿ ಜಾಗ ಇಟ್ಟೇ ಇರಲಿಲ್ಲ.

ಕೋಲಾರದಮ್ಮ, ನೀವು ಪ್ರೀತಿಯಿಂದ ಹೇಳಿದ್ದೀರಿ, ತಪ್ಪು ತಿಳಿಯುವ ಮಾತೇ ಇಲ್ಲ. ಪುಟ್ಟಕ್ಕ ಅಂತ ಕರೆಯಲಿ, ನನಗೆ ಸಂತೋಷವೇ. ಆದರೆ ಪಟ್ಟಿಯಲ್ಲಿ ಬರೆಯುವಾಗ ಹೆಸರನ್ನು ಅರ್ಧ ಮಾಡಲು ನನ್ನ ಕೈ ಬರುವುದಿಲ್ಲ. ಅದಕ್ಕೆ ಕಾರಣ ವಾರ್ಡು.

ಹೆರಿಗೆ ಆದ ಕೂಡಲೇ ಕೂಸಿನ ಮಣಿಕಟ್ಟಿಗೆ ಒಂದು ಹೆಸರಿನ ಪಟ್ಟಿ ಕಟ್ಟುತ್ತೇವೆ. ಈಗ ಪ್ಲಾಸ್ಟಿಕ್ಕಿನದು ಬಂದಿದೆ. ನಾನು ಸೇರಿದ ಕಾಲದಲ್ಲಿ ಬಿಳೀ ಕಾಟನ್ ಟೇಪು. ಅದನ್ನು ತುಂಡು ತುಂಡಾಗಿ ಕತ್ತರಿಸಿಟ್ಟುಕೊಂಡು ಪೆನ್ನಿನಲ್ಲಿ ಬರೆಯುತ್ತಿದ್ದೆವು. ತಾಯಿಯ ಹೆಸರು, ಗಂಡೋ ಹೆಣ್ಣೋ, ಹುಟ್ಟಿದ ತಾರೀಕು, ಹೊತ್ತು. ಅದೇ ಬರಹದ ಇನ್ನೊಂದು ಟೇಪು ತಾಯಿಯ ಕೈಗೆ. ಹುಟ್ಟಿದ ಕೂಸಿನ ಮಣಿಕಟ್ಟು ತುಂಬಾ ಸಣ್ಣದು. ಬಿಗಿ ಕಟ್ಟಿದರೆ ರಕ್ತ ಓಡುವುದಿಲ್ಲ, ಸಡಿಲ ಕಟ್ಟಿದರೆ ಬಿಚ್ಚಿಹೋಗುತ್ತದೆ. ನನ್ನ ಕಿರುಬೆರಳ ತುದಿ ಒಳಗೆ ಹೋಗುವಷ್ಟು ಬಿಟ್ಟು ಕಟ್ಟುತ್ತಿದ್ದೆ. ಮೈ ಒರೆಸುವಾಗ ಟೇಪು ನೆನೆದು ಶಾಯಿ ಹರಡುತ್ತಿತ್ತು. ಹಾಗಾಗಿ ಡ್ಯೂಟಿ ಬದಲಾಗುವಾಗ ಪ್ರತಿ ಟೇಪನ್ನೂ ಓದಿ ನೋಡಿ, ಮಾಸಿದ್ದರೆ ಹೊಸದು ಬರೆದು ಕಟ್ಟಿ, ಆಮೇಲೆ ಹಳೆಯದನ್ನು ಬಿಚ್ಚುತ್ತಿದ್ದೆ. ಮೊದಲು ಕಟ್ಟುವುದು, ಆಮೇಲೆ ಬಿಚ್ಚುವುದು. ಒಂದು ಗಳಿಗೆಯೂ ಕೂಸು ಹೆಸರಿಲ್ಲದೆ ಇರಬಾರದು.

ಒಂದು ರಾತ್ರಿ ವಾರ್ಡಿನಲ್ಲಿ ಲಕ್ಷ್ಮಿಯರೇ ಮೂವರು ಇದ್ದರು. ಒಬ್ಬಳು ಭಾಗ್ಯಲಕ್ಷ್ಮಿ, ಒಬ್ಬಳು ವರಲಕ್ಷ್ಮಿ, ಇನ್ನೊಬ್ಬಳು ಲಕ್ಷ್ಮೀದೇವಿ. ಮೂವರಿಗೂ ಗಂಡು. ನಾಲ್ಕು ಗಂಟೆಯ ಒಳಗೆ ಮೂರೂ ಹೆರಿಗೆ. ಅವಸರದಲ್ಲಿ ಹೆಸರು ಮೊಟಕು ಮಾಡಿ ಬರೆದಿದ್ದರೆ ಮೂರು ಕೂಸಿನ ಕೈಯಲ್ಲೂ ಒಂದೇ ಹೆಸರು ಇರುತ್ತಿತ್ತು. ಅವತ್ತಿನಿಂದ ನಾನು ಯಾವ ತಾಯಿಯ ಹೆಸರನ್ನೂ ಮೊಟಕು ಮಾಡಿಲ್ಲ, ಎಷ್ಟೇ ಉದ್ದ ಇರಲಿ. ಟೇಪು ಸಾಲದಿದ್ದರೆ ಟೇಪನ್ನು ಉದ್ದ ಕತ್ತರಿಸುತ್ತಿದ್ದೆ.

ಅದಕ್ಕೇ ಕೇಳುತ್ತಿದ್ದೇನೆ. ಪೂರ್ತಿ ಹೆಸರಿಗೆ ಬಟ್ಟೆಯನ್ನು ಹೇಗೆ ಹೊಂದಿಸುವುದು ಹೇಳಿ.

ಬ್ಲೌಸ್ ಟೈಲರ್, ಕೋಲಾರ

ಅಕ್ಕ, ಓದಿ ಸ್ವಲ್ಪ ಹೊತ್ತು ಮಿಷಿನ್ ನಿಲ್ಲಿಸಿ ಕೂತಿದ್ದೆ. ನಾನು ಪುಟ್ಟಕ್ಕ ಅಂದದ್ದನ್ನು ವಾಪಸ್ಸು ತಗೊಂಡೆ. ಪೂರ್ತಿ ಹೆಸರೇ ಹಾಕಿ.

ನೀವು ಚೌಕದ ಬಟ್ಟೆಯನ್ನು ಯಾಕೆ ಹಿಡಿದುಕೊಂಡಿದ್ದೀರಿ? ನಮ್ಮ ಅಕ್ಷರ ಗುಂಡಗೆ, ಅದನ್ನು ಚೌಕಕ್ಕೆ ಕೂರಿಸಲು ಹೋದರೆ ಮೂಲೆ ಮೂಲೆ ಬರುತ್ತದೆ. ಒಂದು ಚೌಕ ಆಚೆ ಈಚೆ ಆದರೆ ಪ ಹೋಗಿ ವ ಆಗುತ್ತದೆ. ಸಾದಾ ಬಿಳೀ ಕಾಟನ್ ತಗೊಳ್ಳಿ. ಟೇಪಿನ ಮೇಲೆ ಬರೆಯುತ್ತಿದ್ದಿರಲ್ಲ, ಅದೇ ಕೈಬರಹದಲ್ಲಿ ನಿಮ್ಮ ಹೆಸರು ಬರೆಯಿರಿ. ಅದನ್ನೇ ಹೊಲಿಯಿರಿ. ಬರವಣಿಗೆಯಲ್ಲಿ ಒತ್ತು ತಾನಾಗಿ ತನ್ನ ಜಾಗದಲ್ಲಿ ಕೂರುತ್ತದೆ, ಲೆಕ್ಕವೇ ಬೇಡ.

ಮೊದಲು ಒಂದು ಎಳೆಯಲ್ಲಿ ಸಣ್ಣ ಸಣ್ಣ ಬ್ಯಾಕ್ ಸ್ಟಿಚ್, ಅಂದರೆ ಪ್ರತಿ ಸಲ ಒಂದು ಹೊಲಿಗೆ ಹಿಂದಕ್ಕೆ ಬಂದು ಚುಚ್ಚುವುದು. ನೇರ ಗೆರೆಯಲ್ಲಿ ಅಕ್ಕಿ ಕಾಳಿನ ಅರ್ಧದಷ್ಟು, ತಿರುವಿನಲ್ಲಿ ಸಾಸಿವೆಯಷ್ಟು. ಪೂರ್ತಿ ಆದ ಮೇಲೆ ಅದೇ ಬಣ್ಣದ ಇನ್ನೊಂದು ಎಳೆಯನ್ನು ಪ್ರತಿ ಹೊಲಿಗೆಯ ಕೆಳಗೆ ತೂರಿಸುತ್ತಾ ಸುತ್ತಿಕೊಂಡು ಬನ್ನಿ, ಬಟ್ಟೆಗೆ ಚುಚ್ಚಬಾರದು. ತೂರಿಸುವಾಗ ಸೂಜಿಯ ಮೊನೆ ಬೇಡ, ಕಣ್ಣಿನ ಕಡೆಯಿಂದ ತೂರಿಸಿ, ಆಗ ಕೆಳಗಿನ ದಾರ ಸೀಳುವುದಿಲ್ಲ. ಹೊಲಿಗೆಯ ಸಂದು ಮುಚ್ಚಿಹೋಗಿ ಪೆನ್ನಿನಲ್ಲಿ ಬರೆದ ಗೆರೆಯ ಹಾಗೆ ಕಾಣುತ್ತದೆ.

ಗವಂತಿ, ಧಾರವಾಡದಿಂದ ತುಮಕೂರಿಗೆ ಬಂದವಳು

ನಮಸ್ಕಾರ ರೀ ಅಕ್ಕ. ನಾನು ಮದುವೆಯಾಗಿ ತುಮಕೂರಿಗೆ ಬಂದವಳು. ನಮ್ಮ ಕಡೆಯ ಕಸೂತಿ ನನ್ನ ತಾಯಿಯಿಂದ ಕಲಿತದ್ದು. ಅಕ್ಷರಕ್ಕೆ ಕೋಲಾರದ ಅಕ್ಕ ಹೇಳಿದ್ದೇ ಸರಿ. ಅಂಚಿಗೆ ಮಾತ್ರ ನನ್ನ ಮಾತು ಕೇಳಿ.

ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತ್ಯ ಅಂತ ನಾಲ್ಕು ಹೊಲಿಗೆ. ನೀವು ಹಾಕುವ ಕ್ರಾಸ್ ಸ್ಟಿಚ್ ಇದೆಯಲ್ಲ, ಅದೇ ನಮ್ಮ ಮೆಂತ್ಯ. ಅಂಚಿಗೆ ಮುರ್ಗಿ ಹಾಕಿ, ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತಾ ಹೋಗಬೇಕು, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರಬೇಕು. ಮುಂದೆ ಹೇಗೋ ಹಿಂದೆಯೂ ಹಾಗೇ ಇರುತ್ತದೆ. ಗಂಟು ಹಾಕುವ ಪದ್ಧತಿ ಇಲ್ಲ, ದಾರದ ತುದಿಯನ್ನು ಹೊಲಿಗೆಯ ಒಳಗೇ ಓಡಿಸಿ ಮುಚ್ಚುತ್ತೇವೆ. ಬಟ್ಟೆಯ ಮೇಲೆ ಗೆರೆ ಎಳೆಯುವುದೂ ಇಲ್ಲ, ಎಳೆ ಎಣಿಸಿಯೇ ಹಾಕುವುದು. ಹಾಗಾಗಿ ತೀರಾ ನಯವಾದ ಬಟ್ಟೆ ತರಬೇಡಿ. ಎಳೆ ಕಣ್ಣಿಗೆ ಕಾಣುವಂಥ ಕೈಮಗ್ಗದ ಕಾಟನ್ ತನ್ನಿ. ನಾಲ್ಕು ಎಳೆಗೆ ಒಂದು ಹೊಲಿಗೆ ಇಟ್ಟುಕೊಳ್ಳಿ.

ಹಿಂದೆ ಫೆಲ್ಟ್ ಬರುತ್ತದಲ್ಲ, ಯಾರು ನೋಡುತ್ತಾರೆ ಅಂತ ಅನ್ನಿಸಬಹುದು. ಹಿಂದೆ ಗಂಟು ಇದ್ದರೆ ಇಸ್ತ್ರಿ ಮಾಡುವಾಗ ಮುಂದಕ್ಕೆ ಉಬ್ಬಿ ಕಾಣುತ್ತದೆ. ಇಷ್ಟು ಸಣ್ಣ ಪಟ್ಟಿಯಲ್ಲಿ ಒಂದು ಗಂಟೂ ಎದ್ದು ಕಾಣುತ್ತದೆ ರೀ.

ರೇಷ್ಮೆ ಮನೆಯವನು, ಶಿಡ್ಲಘಟ್ಟ

ಅಮ್ಮ, ಹೆಂಗಸರ ಮಾತಿನ ನಡುವೆ ಬಂದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆಯಲ್ಲಿ ನೂಲು ಬಿಚ್ಚಾಣಿಕೆ ಕೆಲಸ. ಮಾರ್ಕೆಟ್ಟಿನಿಂದ ಗೂಡು ತಂದು ದಾರ ತೆಗೆಯುತ್ತೇವೆ. ಆ 19 ಚೌಕದ ಖಾಲಿ ಜಾಗದ ಬಗ್ಗೆ ಓದಿದೆ. ಅಲ್ಲಿ ಒಂದು ಸಣ್ಣ ಹೂವೋ ಎಲೆಯೋ ಹಾಕುವುದಾದರೆ ರೇಷ್ಮೆ ದಾರದಲ್ಲಿ ಹಾಕಿ. ಹೆಸರಿಗೆ ಬೇಡ. ಒರಟು ಬೆರಳಿಗೆ ರೇಷ್ಮೆ ಸಿಕ್ಕಿಕೊಂಡು ಎಳೆ ಏಳುತ್ತದೆ, ಸಣ್ಣ ತಿರುವಿನಲ್ಲಿ ಜಾರುತ್ತದೆ. ಚುಕ್ಕಿ ಚುಕ್ಕಿ ಕೆಲಸಕ್ಕೆ ಮಾತ್ರ ಅದರ ಹೊಳಪು ಚೆನ್ನ.

ಗೂಡಿನಿಂದ ಬಿಚ್ಚಿದ ದಾರವನ್ನು ಹಾಗೇ ಹಾಕಬೇಡಿ, ಕಡ್ಡಿಯ ಹಾಗೆ ಬಿರುಸಾಗಿರುತ್ತದೆ. ಹುಳು ನೂಲಿನ ಮೇಲೆ ಅಂಟು ಸುರಿಸಿರುತ್ತದೆ. ಸಾಬೂನು ನೀರಿನಲ್ಲಿ ಕುದಿಸಿದರೆ ಅಂಟು ಬಿಡುತ್ತದೆ. ತೂಕದಲ್ಲಿ ಸುಮಾರು ಕಾಲು ಭಾಗ ಹೋಗುತ್ತದೆ, ಆಮೇಲೆಯೇ ಮೆತ್ತಗಾಗಿ ಹೊಳೆಯುವುದು. ನಮ್ಮ ಕಡೆಯ ಹಳದಿ ಗೂಡು ನೋಡಿ ದಾರವೂ ಹಳದಿ ಇರುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಆ ಬಣ್ಣ ಇರುವುದು ಅಂಟಿನಲ್ಲಿ. ಕುದಿಸಿದ ಮೇಲೆ ದಾರ ಹಾಲಿನ ಕೆನೆಯ ಬಣ್ಣಕ್ಕೆ ಬರುತ್ತದೆ. ಕಂದು ಬೇಕಿದ್ದರೆ ಗಟ್ಟಿ ಟೀ ಡಿಕಾಕ್ಷನ್ನಿನಲ್ಲಿ ಒಂದು ರಾತ್ರಿ ನೆನೆಹಾಕಿ, ಬಣ್ಣ ಬಿಡುವುದು ನಿಲ್ಲುವವರೆಗೆ ಜಾಲಾಡಿ.

ಪುಟ್ಟಲಕ್ಷ್ಮಮ್ಮ, ತುಮಕೂರು

ಎಲ್ಲರಿಗೂ ಮತ್ತೆ ನಮಸ್ಕಾರ. ಪಟ್ಟಿ ಆಯಿತು. ಹೇಗೆ ಆಯಿತು ಅಂತ ಪೂರ್ತಿ ಹೇಳುತ್ತೇನೆ, ಯಾಕೆಂದರೆ ಮೊದಲನೆಯದು ಕೆಟ್ಟುಹೋಯಿತು. ಬೇರೆಯವರಿಗೆ ಹಾಗೆ ಆಗಬಾರದು.

ಕೈಮಗ್ಗದ ಬಿಳೀ ಕಾಟನ್ ತಂದೆ. ಹೆಸರು ಬರೆಯಲು ಕೂತರೆ ಅಕ್ಷರ ಬರಲೇ ಇಲ್ಲ. ಚೆನ್ನಾಗಿ ಬರಬೇಕು ಅಂತ ನಿಧಾನವಾಗಿ ಬರೆದರೆ ರಂಗೋಲಿ ಬಿಟ್ಟ ಹಾಗೆ ಆಗುತ್ತಿತ್ತು, ನನ್ನ ಬರಹದ ಹಾಗೆ ಇರುತ್ತಿರಲಿಲ್ಲ. ಆಮೇಲೆ ಪೆಟ್ಟಿಕೋಟಿಗೆ ಹಾಕುವ ಲಾಡಿಯ ಒಂದು ತುಂಡು ಕತ್ತರಿಸಿ ಎಡಗೈ ಬೆರಳಿಗೆ ಬಿಗಿಯಾಗಿ ಹಿಡಿದು, ವಾರ್ಡಿನಲ್ಲಿ ಬರೆಯುತ್ತಿದ್ದ ಹಾಗೆ ನಿಂತುಕೊಂಡೇ ಬರೆದೆ. ಒಂದೇ ಸಲಕ್ಕೆ ಬಂತು. 34 ವರ್ಷ ಬೇರೆಯವರ ಹೆಸರು ಬರೆದಿದ್ದೇನೆ. ಟೇಪಿನ ಮೇಲೆ ನನ್ನ ಹೆಸರು ಬರೆದದ್ದು ಅವತ್ತೇ ಮೊದಲು. ಅದನ್ನು ದೊಡ್ಡದು ಮಾಡಿ ಜೆರಾಕ್ಸ್ ಮಾಡಿಸಿ, ಕಿಟಕಿ ಗಾಜಿಗೆ ಇಟ್ಟು ನೀರಿಗೆ ಹೋಗುವ ನೀಲಿ ಪೆನ್ನಿನಲ್ಲಿ ಬಟ್ಟೆಗೆ ಇಳಿಸಿದೆ. ಎರಡು ಸಾಲು, ಚಿಕ್ಕಬಳ್ಳಾಪುರದಮ್ಮ ಹೇಳಿದ ಹಾಗೆ.

ದಾರ ಕೆಂಪು ತಂದಿದ್ದೆ. ಪೇಟೆಯ ಒಂದು ಅಂಗಡಿಯಲ್ಲಿ ಲೇಬಲ್ ಇಲ್ಲದ ಬಿಡಿ ದಾರ ಸಿಕ್ಕಿತು, ಬಣ್ಣ ತುಂಬಾ ಚೆನ್ನಾಗಿತ್ತು. ಮೂರು ದಿನ ಕೂತು ಹೆಸರು ಪೂರ್ತಿ ಮಾಡಿದೆ. ನೀಲಿ ಗೆರೆ ಹೋಗಲಿ ಅಂತ ತಣ್ಣೀರಿಗೆ ಹಾಕಿದೆ. ನೀಲಿ ಹೋಯಿತು, ಕೆಂಪು ಬಂತು. ಕ್ಷ್ಮ ಸುತ್ತ ಗುಲಾಬಿ ಬಣ್ಣ ಹರಡಿತು. ತಕ್ಷಣ ಹರಿಯುವ ನೀರಿಗೆ ಹಿಡಿದೆ, ಎಷ್ಟು ಜಾಲಾಡಿದರೂ ಪೂರ್ತಿ ಹೋಗಲಿಲ್ಲ. ಆ ರಾತ್ರಿ ಮನಸ್ಸಿಗೆ ತುಂಬಾ ಬೇಸರ ಆಯಿತು. ವಾರ್ಡಿನಲ್ಲಿ ಶಾಯಿ ಹರಡಿದ ಟೇಪುಗಳನ್ನು ಎಷ್ಟು ಬದಲಾಯಿಸಿದ್ದೆನೋ ಲೆಕ್ಕ ಇಲ್ಲ, ನೀರಿಗೆ ಬಣ್ಣ ಹೋಗುತ್ತದಾ ಅಂತ ನೋಡಿಕೊಳ್ಳುವುದು ಇಲ್ಲಿ ನೆನಪಾಗಲಿಲ್ಲ.

ಎರಡನೆಯ ಸಲ ಮೊದಲೇ ಪರೀಕ್ಷೆ ಮಾಡಿದೆ. ದಾರದ ಒಂದು ತುಂಡನ್ನು ಗಾಯಕ್ಕೆ ಕಟ್ಟುವ ಬಿಳೀ ಗಾಜ್ ಬಟ್ಟೆಯನ್ನು ಒದ್ದೆ ಮಾಡಿ ಅದರೊಳಗೆ ಸುತ್ತಿ, ಮೇಲೆ ಬಟ್ಟಲು ಇಟ್ಟು ಅರ್ಧ ಗಂಟೆ ಬಿಟ್ಟೆ. ಆ ಕೆಂಪು ದಾರ ಗಾಜ್ ಬಟ್ಟೆಗೆ ಗುಲಾಬಿ ಗೆರೆ ಬಿಟ್ಟಿತು. ಆಂಕರ್ ಕಂಪನಿಯ ದಾರದ ಕಡುನೀಲಿ ಏನೂ ಬಿಡಲಿಲ್ಲ. ಅದನ್ನೇ ಹಾಕಿದೆ. ಪೆನ್ನಿನ ಶಾಯಿಯೂ ನೀಲಿಯೇ ಅಲ್ವಾ, ನನಗೆ ಈಗ ಅದೇ ಸರಿ ಅನ್ನಿಸುತ್ತದೆ. ಇನ್ನೊಂದು ಎಚ್ಚರಿಕೆ. ನೀಲಿ ಪೆನ್ನಿನ ಗೆರೆಯನ್ನು ನೀರಿನಲ್ಲಿ ತೆಗೆಯುವ ಮುಂಚೆ ಇಸ್ತ್ರಿ ಹಾಕಬೇಡಿ, ಬಿಸಿ ತಾಗಿದರೆ ಗೆರೆ ಅಲ್ಲೇ ಉಳಿದುಬಿಡುತ್ತದೆ. ಇಸ್ತ್ರಿಯನ್ನೂ ಮುಂಭಾಗಕ್ಕೆ ಹಾಕಬಾರದು. ದಪ್ಪ ಟವೆಲ್ ಮೇಲೆ ಮುಖ ಕೆಳಗೆ ಮಾಡಿ ಹಿಂಬದಿಯಿಂದ ಹಾಕಿದೆ, ಅಕ್ಷರ ಚಪ್ಪಟೆಯಾಗಲಿಲ್ಲ.

ಖಾಲಿ ಜಾಗಕ್ಕೆ ರಾಗಿ ತೆನೆ ಹಾಕಿದ್ದೇನೆ. ಹೂವು ಎಲ್ಲರೂ ಹಾಕುತ್ತಾರೆ. ನಮ್ಮಪ್ಪನ ಹೊಲದಲ್ಲಿ ರಾಗಿ ಬಿಟ್ಟರೆ ಬೇರೆ ಬೆಳೆ ನಾನು ಕಂಡಿಲ್ಲ. ತೆನೆ ಬಲಿತಾಗ ಬೆರಳುಗಳು ಒಳಕ್ಕೆ ಮಡಿಚಿಕೊಂಡು ಕೂಸಿನ ಮುಷ್ಟಿಯ ಹಾಗೆ ಆಗುತ್ತದೆ. ಐದು ಬೆರಳು, ಒಂದೊಂದು ಬೆರಳಿಗೂ ಎರಡು ಸಾಲು ಫ್ರೆಂಚ್ ನಾಟ್, ಅಂದರೆ ಸೂಜಿಗೆ ದಾರ ಸುತ್ತಿ ಹಾಕುವ ಕಾಳಿನಂಥ ಹೊಲಿಗೆ, ಸೂಜಿಗೆ ಒಂದೇ ಸುತ್ತು. ರೇಷ್ಮೆ ಕೆಲಸದ ಅಣ್ಣ ಹೇಳಿದ ಹಾಗೆ ಟೀಯಲ್ಲಿ ನೆನೆಸಿದ ದಾರ ಹಾಕಿದೆ. ಗುಂಪಿನಲ್ಲಿ ಒಬ್ಬರ ಹತ್ತಿರ ಕುದಿಸಿದ ಬಿಳೀ ರೇಷ್ಮೆ ಇತ್ತು. ಇದನ್ನೂ ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿ ನೋಡಿಯೇ ಹಾಕಿದ್ದು. ಪಕ್ಕದಿಂದ ಬೆಳಕು ಬಿದ್ದರೆ ಕಾಳು ಕಾಳಾಗಿ ಹೊಳೆಯುತ್ತದೆ. ಧಾರವಾಡದಮ್ಮ, ಮುರ್ಗಿ ಅಂಚು ನನಗೆ ಒಂದು ಪಕ್ಕದಲ್ಲಿ ಎಳೆ ಎಣಿಕೆ ತಪ್ಪಿ ಎರಡು ಸಲ ಬಿಚ್ಚಬೇಕಾಯಿತು. ಮೂರನೆಯ ಸಲ ಕೂತಿತು. ಎಲ್ಲೂ ಗಂಟಿಲ್ಲ. ನೀವು ತುಮಕೂರಿನಲ್ಲೇ ಇದ್ದೀರಿ ಅಂದಿರಲ್ಲ, ಒಂದು ಶನಿವಾರ ಬನ್ನಿ, ಅಂಚನ್ನು ತೋರಿಸಬೇಕು ನಿಮಗೆ.

ಅಗಲ 3.1 ಇಂಚು, ಎತ್ತರ 2.3 ಆಯಿತು. ಬಕ್ರಂ, ಫೆಲ್ಟ್, ಪಿನ್ ಎಲ್ಲ ಕೋಲಾರದಮ್ಮ ಹೇಳಿದ ಜಾಗದಲ್ಲೇ. ಸೀರೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ.

ನಮ್ಮ ಗುಂಪಿನ ಇನ್ನೊಬ್ಬ ಲಕ್ಷ್ಮಿ ಹೋದ ಶನಿವಾರ ನನ್ನ ಪಟ್ಟಿಯನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಅವರ ಹೆಸರು ಬರೀ ಲಕ್ಷ್ಮಿ ಅಲ್ಲ, ಲಕ್ಷ್ಮೀನರಸಮ್ಮ ಅಂತ ಹೇಳಿದರು. ದೇವರಾಯನದುರ್ಗದ ನರಸಿಂಹಸ್ವಾಮಿಗೆ ಹರಕೆ ಹೊತ್ತು ಹುಟ್ಟಿದವರಂತೆ. ಒಂದು ವರ್ಷದಿಂದ ಪಕ್ಕದಲ್ಲೇ ಕೂರುತ್ತೇನೆ, ನನಗೆ ಗೊತ್ತಿರಲಿಲ್ಲ. ಅವರೂ ಪೂರ್ತಿ ಹೆಸರೇ ಹಾಕುತ್ತಾರಂತೆ. ಆದರೆ ಅವರಿಗೆ ಕ್ರಾಸ್ ಸ್ಟಿಚ್ಚೇ ಬೇಕು, 18 ಕೌಂಟ್ ಬಟ್ಟೆಯೂ ತರಿಸಿದ್ದಾರೆ. ಚಿಕ್ಕಬಳ್ಳಾಪುರದಮ್ಮ, ಅದರಲ್ಲಿ ಕ್ಷ್ಮೀ ಬರುತ್ತದೆ, ಒತ್ತು ಎರಡು, ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ. ಎಷ್ಟು ಚೌಕ ಆಗುತ್ತದೆ, ಒಂದು ಗ್ರಾಫ್ ಹಾಕಿ ಕೊಡುತ್ತೀರಾ?